ಕೊಕ್ಕೆ

ಕೊಕ್ಕೆ ಎಂದರೆ ತುದಿ ಬಾಗಿದ ವಸ್ತು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ದೋಟಿಯ ತುದಿಗೆ ಕಟ್ಟಿದ್ದೂ ಕೊಕ್ಕೆ, ಕಿಟಕಿಗೆ ಸಿಕ್ಕಿಸುವುದೂ ಕೊಕ್ಕೆ. ಕಡತ ಮುಂದೆ ಹೋಗದಂತೆ ಯಾರಾದರೂ ತಕರಾರು ತೆಗೆದರೆ ಅದೂ ಕೊಕ್ಕೆಯೇ. ಪಕ್ಕದಲ್ಲೇ ಕೊಕ್ಕು, ಕೊಕ್ಕರೆ ಇವೆ. ತಮಿಳಿನಲ್ಲೂ ಕೊಕ್ಕಿ ಎಂದರೆ ಕೊಂಡಿ, ಕೊಕ್ಕು ಎಂದರೆ ಕೊಕ್ಕರೆ. ಇಷ್ಟರಿಂದಲೇ ಇವುಗಳ ಬೇರು ಒಂದೇ ಎನ್ನಲಾಗದು. ಕಿವಿಗೆ ಮಾತ್ರ ಒಂದೇ ಮನೆಯವು.

ಎಲ್ಲ ಕೊಕ್ಕೂ ಕೊಕ್ಕೆಯಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಯ ಕೊಕ್ಕು ಭರ್ಜಿಯಂತೆ ನೇರ. ಸಾಗರಕ್ಕೆ ನೆರೆಯ ಸೊರಬ ತಾಲ್ಲೂಕಿನ ಗುಡವಿ ಕೆರೆಗೆ ಬರುವ ಬಿಳಿ ಕೆಂಬರಲಿನದು ಕೆಳಕ್ಕೆ ಬಾಗಿದ, ಹೆಸರಿಗೆ ತಕ್ಕ ಕೊಕ್ಕೆ. ಕಣ್ಣಿಗಿಂತ ಕೊಕ್ಕಿನ ತುದಿಯ ಸ್ಪರ್ಶವನ್ನೇ ನಂಬಿ ಅದು ಕೆಸರು ತಡಕುತ್ತದೆ.

ಅಂಥದೇ ಕೆಸರಿನ ಗದ್ದೆನೀರಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಕೊಕ್ಕೆ ಇರುವುದುಂಟು: ಇಲಿಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ. ದಪ್ಪ ಸುಮಾರು 0.1 ಮೈಕ್ರೋಮೀಟರ್, ಉದ್ದ 6ರಿಂದ 20. ಮುಕ್ಕಾಲು ಮೀಟರ್ ಉದ್ದದ ಕೆಂಬರಲಿಗೆ ಸಮನಾಗಲು ಹತ್ತು ಮೈಕ್ರೋಮೀಟರಿನವು 75,000 ಸಾಲುಗಟ್ಟಬೇಕು. 1907ರಲ್ಲಿ ಅಮೆರಿಕದ ವೈದ್ಯ ಸ್ಟಿಮ್ಸನ್, ಹಳದಿ ಜ್ವರದಿಂದ ಸತ್ತನೆಂದು ನಂಬಲಾಗಿದ್ದ ರೋಗಿಯ ಮೂತ್ರಪಿಂಡದಲ್ಲಿ ಇದನ್ನು ಕಂಡ. ಆಕಾರ ಪ್ರಶ್ನಾರ್ಥಕ ಚಿಹ್ನೆಯಂತಿದ್ದುದರಿಂದ ‘ಇಂಟರೊಗಾನ್ಸ್’ ಎಂದು ಹೆಸರಿಟ್ಟ. ಕನ್ನಡದವನಾಗಿದ್ದರೆ ಅಷ್ಟು ಸುತ್ತುವ ಅಗತ್ಯವಿರಲಿಲ್ಲ.

ಸೋಜಿಗವೆಂದರೆ, ಈ ಕೊಕ್ಕೆ ಏನನ್ನೂ ಸಿಕ್ಕಿಸಿಕೊಳ್ಳುವುದಿಲ್ಲ. ಜೀವಿಯ ಎರಡೂ ತುದಿಗಳ ಬಳಿ, ಹೊರಪೊರೆಯೊಳಗೆ, ಒಂದೊಂದು ಚಾವಟಿಯೆಳೆ ಇದೆ. ಅವು ತಿರುಗಿದಾಗ ಮುಂದಿನ ತುದಿ ಸುರುಳಿಯಾಗುತ್ತದೆ, ಹಿಂದಿನದು ಕೊಕ್ಕೆಯಾಗುತ್ತದೆ. ದಿಕ್ಕು ಬದಲಾದರೆ ಕೊಕ್ಕೆಯೂ ಆಚೆ ತುದಿಗೆ ಹೋಗುತ್ತದೆ. ಕೆಂಬರಲಿನದು ಕಾಯಂ ಹತ್ಯಾರು, ಇದರದು ಈಜುವಾಗ ಬದಲಾಗುವ ಭಂಗಿ. ಗಾಯದಿಂದಲೋ ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮದಿಂದಲೋ ದೇಹ ಸೇರಿದ ಮೇಲೆ ಜ್ವರ, ಮೀನಖಂಡದ ನೋವು, ಕೆಂಗಣ್ಣು, ಕೆಲವರಿಗೆ ಕಾಮಾಲೆ. ನೀರಿಗೆ ಇದು ಬರುವುದು ಸೋಂಕಿತ ಪ್ರಾಣಿಗಳ ಮೂತ್ರದಿಂದ. ಹೆಸರನ್ನು ಇಲಿಯೊಂದೇ ಹೊತ್ತಿದ್ದರೂ ದನ, ನಾಯಿ, ಹಂದಿಗಳಿಂದಲೂ ಬರುತ್ತದೆ.

ರೋಗ ತರುವ ಜೀವಿಗಳ ಪೈಕಿ ಕನ್ನಡದಲ್ಲಿ ಕೊಕ್ಕೆಯ ಹೆಸರು ದಕ್ಕಿದ್ದು ಬರಿಗಾಲಿನ ಚರ್ಮ ಕೊರೆದು ಒಳಹೋಗುವ ಕೊಕ್ಕೆಹುಳುವಿಗೆ. ಅಲ್ಲಿಯೂ ಬಾಗಿದ್ದು ತಲೆ. ಕರುಳನ್ನು ಕಚ್ಚಿ ಹಿಡಿಯುವುದು ಬಾಯೊಳಗಿನ ಹಲ್ಲು ಅಥವಾ ಅಲಗು.