ಎಚ್‌ಪಿವಿ ಲಸಿಕೆ ಪಡೆಯುವ ಮುನ್ನ ಗಮನಿಸಬೇಕಾದ ಆರೋಗ್ಯ ವಿಷಯಗಳು

ಪೀಠಿಕೆ
ಗರ್ಭಕಂಠದ ಕ್ಯಾನ್ಸರಿಗೆ ಬಹುತೇಕ ಎಲ್ಲ ಪ್ರಕರಣಗಳಲ್ಲಿಯೂ ಹ್ಯೂಮನ್ ಪ್ಯಾಪಿಲೋಮಾ ವೈರಾಣು (ಎಚ್‌ಪಿವಿ) ಕಾರಣವಾಗಿದ್ದು, ಇವುಗಳಲ್ಲಿ ಸುಮಾರು ಶೇ. 70ರಷ್ಟು 16 ಮತ್ತು 18ನೇ ಮಾದರಿಯ ವೈರಾಣುಗಳಿಂದ ಉಂಟಾಗುತ್ತವೆ. ಲಸಿಕೆಯು ಸೋಂಕನ್ನು ತಡೆಯುತ್ತದೆಯೇ ಹೊರತು ಈಗಾಗಲೇ ತಗುಲಿರುವ ಸೋಂಕನ್ನು ಗುಣಪಡಿಸುವುದಿಲ್ಲ. ಆದುದರಿಂದ 9ರಿಂದ 14 ವರ್ಷದ ಬಾಲಕಿಯರಿಗೆ ಆದ್ಯತೆ ನೀಡಲು ವಿಶ್ವ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದೆ.

ಪರೀಕ್ಷೆಗಳು ಅಗತ್ಯವೇ?
ಲಸಿಕೆಗೆ ಮುನ್ನ ರಕ್ತ ಪರೀಕ್ಷೆ, ಪ್ಯಾಪ್ ಪರೀಕ್ಷೆ ಅಥವಾ ಎಚ್‌ಪಿವಿ ಪರೀಕ್ಷೆ ಕಡ್ಡಾಯವಲ್ಲ. ಆರೋಗ್ಯ ಸಿಬ್ಬಂದಿ ಕೇಳುವ ಪ್ರಶ್ನೆಗಳಿಗೆ ಪೋಷಕರು ಮರೆಮಾಚದೆ ಉತ್ತರಿಸುವುದೇ ಮುಖ್ಯ ತಪಾಸಣೆಯಾಗಿರುತ್ತದೆ.

ತಪ್ಪದೆ ತಿಳಿಸಬೇಕಾದ ವಿಷಯಗಳು
1. ಹಿಂದಿನ ಯಾವುದೇ ಲಸಿಕೆ ಅಥವಾ ಔಷಧಿಯಿಂದ ತೀವ್ರ ಅಲರ್ಜಿ ಆಗಿದ್ದಲ್ಲಿ. ಎಚ್‌ಪಿವಿ ಲಸಿಕೆಯ ಹಿಂದಿನ ಡೋಸಿನಿಂದ ಅಥವಾ ಅದರಲ್ಲಿರುವ ಯಾವುದೇ ಅಂಶದಿಂದ ಹಾಗಾಗಿದ್ದಲ್ಲಿ ಈ ಲಸಿಕೆಯನ್ನು ನೀಡಲಾಗುವುದಿಲ್ಲ.
2. ಯೀಸ್ಟ್ ಅಲರ್ಜಿ ಇದ್ದಲ್ಲಿ. ಯೀಸ್ಟ್ ಬಳಸಿ ತಯಾರಿಸಿದ ಲಸಿಕೆಗಳು ಇಂಥವರಿಗೆ ಸೂಕ್ತವಲ್ಲ.
3. ತೀವ್ರ ಜ್ವರ ಅಥವಾ ಕಾಯಿಲೆ ಇದ್ದಲ್ಲಿ. ಗುಣವಾದ ನಂತರ ಲಸಿಕೆ ಪಡೆಯತಕ್ಕದ್ದು.
4. ರಕ್ತಸ್ರಾವ ನಿಲ್ಲದಿರುವ ತೊಂದರೆ ಇದ್ದಲ್ಲಿ ಅಥವಾ ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುತ್ತಿದ್ದಲ್ಲಿ.
5. ಎಚ್‌ಐವಿ ಅಥವಾ ರೋಗನಿರೋಧಕ ಶಕ್ತಿ ಕುಂದಿಸುವ ಇತರೆ ಸ್ಥಿತಿ ಇದ್ದಲ್ಲಿ. ಇವರಿಗೂ ಲಸಿಕೆ ನೀಡಬಹುದು. ಆದರೆ ಹೆಚ್ಚಿನ ಡೋಸ್‌ಗಳು ಬೇಕಾಗುತ್ತವೆ.
6. ಗರ್ಭಿಣಿಯಾಗಿದ್ದಲ್ಲಿ. ಹೆರಿಗೆಯವರೆಗೆ ಲಸಿಕೆಯನ್ನು ಮುಂದೂಡಲಾಗುವುದು.
7. ಚುಚ್ಚುಮದ್ದಿನಿಂದ ಹಿಂದೆ ತಲೆಸುತ್ತು ಬಂದಿದ್ದಲ್ಲಿ. ಇಂಥವರಿಗೆ ಮಲಗಿಸಿ ಲಸಿಕೆ ನೀಡಬಹುದು.

ಲಸಿಕೆಗೆ ಅಡ್ಡಿಯಲ್ಲದ ಕಾರಣಗಳು
ಸಾಧಾರಣ ನೆಗಡಿ, ಕೆಮ್ಮು ಅಥವಾ ಮುಟ್ಟಿನ ದಿನಗಳು ಲಸಿಕೆಗೆ ಅಡ್ಡಿಯಲ್ಲ. ಮುಟ್ಟು ಇನ್ನೂ ಆರಂಭವಾಗಿಲ್ಲ ಎಂಬ ಕಾರಣಕ್ಕೂ ಲಸಿಕೆಯನ್ನು ಮುಂದೂಡಬೇಕಾಗಿಲ್ಲ.

ಲಸಿಕೆಯ ದಿನ
ಬಾಲಕಿಯು ಊಟ ಅಥವಾ ಉಪಾಹಾರ ಮಾಡಿ ಬರುವುದು ಒಳ್ಳೆಯದು. ಹಿಂದಿನ ಲಸಿಕೆಗಳ ದಾಖಲೆ ಹಾಗೂ ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನು ತರತಕ್ಕದ್ದು. ಲಸಿಕೆಯನ್ನು ತೋಳಿನ ಮೇಲ್ಭಾಗಕ್ಕೆ ನೀಡಲಾಗುವುದು. ನಂತರ ಅರ್ಧ ಗಂಟೆ ಕೇಂದ್ರದಲ್ಲಿಯೇ ಕುಳಿತಿರತಕ್ಕದ್ದು. ಮನೆಗೆ ಮರಳಿದ ಬಳಿಕ ಉಸಿರಾಟದ ತೊಂದರೆ, ಮುಖ ಊತ ಅಥವಾ ಮೈಯೆಲ್ಲಾ ದದ್ದು ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.

ತಾಯಂದಿರ ಗಮನಕ್ಕೆ
ಲಸಿಕೆಯು ತಪಾಸಣೆಗೆ ಬದಲಿಯಲ್ಲ. 30 ವರ್ಷ ಮೇಲ್ಪಟ್ಟ ಮಹಿಳೆಯರು ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಇಂದು ಲಸಿಕೆ ಪಡೆದ ಬಾಲಕಿಯರಿಗೂ ಆ ವಯಸ್ಸಿನಲ್ಲಿ ಈ ತಪಾಸಣೆ ಅಗತ್ಯ.

ಸಂಪರ್ಕ
ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರ ಹಾಗೂ ಸುತ್ತಲಿನ ಗ್ರಾಮಗಳ ಪೋಷಕರು ಲಸಿಕೆಯ ಲಭ್ಯತೆ, ಡೋಸ್‌ಗಳ ಸಂಖ್ಯೆ ಮತ್ತು ದಿನಾಂಕದ ಬಗ್ಗೆ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಹೊಳಲ್ಕೆರೆಯ ಸಾರ್ವಜನಿಕ ಆಸ್ಪತ್ರೆಯಲ್ಲಿ ವಿಚಾರಿಸಬಹುದಾಗಿದೆ.