ನೂರು ಪೌಂಡಿನ ಗೆರೆ

ಮೊದಲು ಒಂದು ಪ್ರಶ್ನೆ ಕೇಳ್ತೀನಿ. ಸೋಫಾ, ಫ್ರಿಜ್, ವಿಮಾನದ ಟಿಕೆಟ್ ಥರದ್ದು ಏನಾದರೂ ದೊಡ್ಡದು ಕೊಳ್ಳುವಾಗ ನಿಮ್ಮ ಪರ್ಸಿನಿಂದ ಯಾವ ಕಾರ್ಡ್ ಹೊರಗೆ ಬರುತ್ತೆ?

ನಾನು ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಕ್ರೆಡಿಟ್ ಕಾರ್ಡ್ ಮುಟ್ಟುತ್ತಲೇ ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಕೇಳಿಕೊಂಡೇ ಬೆಳೆದವರಲ್ವಾ ನಾವು? ಊಟದ ಮೇಜಿಗೆ 840 ಪೌಂಡನ್ನು ಬ್ಯಾಂಕ್ ಖಾತೆಯಿಂದ ನೇರವಾಗಿ ಕಳಿಸಿದೆ. ಮೇಜು ಬರಲಿಲ್ಲ. ಆರು ವಾರ ಬಿಟ್ಟು ಹೋಗಿ ನೋಡಿದರೆ ಅಂಗಡಿಗೇ ಬೀಗ. ಬ್ಯಾಂಕಿಗೆ ಫೋನ್ ಮಾಡಿದಾಗ ಆ ಕಡೆಯವರು ಕೇಳಿದ್ದು ಒಂದೇ ಮಾತು: "ಕ್ರೆಡಿಟ್ ಕಾರ್ಡಿನಲ್ಲಿ ಏನಾದರೂ ಕೊಟ್ಟಿದ್ರಾ?" ಇಲ್ಲ ಅಂದೆ. ಅಲ್ಲಿಗೆ ಮಾತು ಮುಗಿಯಿತು.

ಆ ಪ್ರಶ್ನೆ ಎಲ್ಲಿಂದ ಬಂತು ಅನ್ನೋದು ಇವತ್ತಿನ ಕಥೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಮನೆಮನೆಗೂ ಟಿವಿ, ವಾಷಿಂಗ್ ಮೆಷಿನ್ ಬಂದದ್ದು ಹೆಚ್ಚಾಗಿ ಕಂತಿನ ಮೇಲೆ. ಅಂಗಡಿಯವನೇ ಒಂದು ಫೈನಾನ್ಸ್ ಕಂಪನಿಯ ಅರ್ಜಿ ಮುಂದಿಡುತ್ತಿದ್ದ, ಗಿರಾಕಿ ಸಹಿ ಹಾಕುತ್ತಿದ್ದ. ಹೀಗೆ ಸಾಲ ಮಾಡಿ ತಂದ ಮೆಷಿನ್ ಕೆಟ್ಟರೆ? ಅಂಗಡಿಯವನು ದಿವಾಳಿಯಾದರೆ? ಕಂತು ಮಾತ್ರ ತಪ್ಪುತ್ತಿರಲಿಲ್ಲ. "ನಾವು ಕೊಟ್ಟಿದ್ದು ಬರೀ ದುಡ್ಡು, ಮಾಲಿಗೂ ನಮಗೂ ಸಂಬಂಧ ಇಲ್ಲ" ಅಂತ ಸಾಲ ಕೊಟ್ಟವರು ಕೈ ತೊಳೆದುಕೊಳ್ಳಬಹುದಿತ್ತು.

1966ರ ಜೂನ್‌ನಲ್ಲಿ ಬಾರ್ಕ್ಲೇಕಾರ್ಡ್ ಬಂತು. ಸಾಲ ಈಗ ಜೇಬಿನೊಳಗೇ ಬಂದು ಕೂತಿತು. 1968ರಲ್ಲಿ ಸರ್ಕಾರ ಸಾಲದ ಕಾನೂನುಗಳನ್ನೆಲ್ಲ ಪರಿಶೀಲಿಸೋಕೆ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ಲಾರ್ಡ್ ಕ್ರೌಥರ್, 'ದಿ ಎಕನಾಮಿಸ್ಟ್' ಪತ್ರಿಕೆಯ ಸಂಪಾದಕರಾಗಿದ್ದವರು. 1971ರಲ್ಲಿ ವರದಿ ಬಂತು. ಅದರ ವಾದ ನಮ್ಮ ಅಜ್ಜಿಗೂ ಅರ್ಥ ಆಗುವಂಥದ್ದು: ಮಾರುವವನೂ ಸಾಲ ಕೊಡುವವನೂ ಕೈ ಜೋಡಿಸಿ ವ್ಯಾಪಾರ ಮಾಡ್ತಾರೆ, ಇಬ್ಬರೂ ಲಾಭ ತಿಂತಾರೆ. ಹಾಗಿದ್ದ ಮೇಲೆ ಎಡವಟ್ಟಾದಾಗ ಒಬ್ಬನೇ ಯಾಕೆ ಹೊರಬೇಕು?

ಕ್ರೌಥರ್ 1972ರಲ್ಲಿ ತೀರಿಕೊಂಡರು, ಕಾನೂನು ಆಗಿದ್ದನ್ನು ನೋಡಲಿಲ್ಲ. 1974ರ ಜುಲೈ 31ರಂದು ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್ ಪಾಸಾಯಿತು. ಅದರ 75ನೇ ಸೆಕ್ಷನ್ ಹೇಳೋದು ಇಷ್ಟು: ಮಾರಿದವನು ಮಾತು ತಪ್ಪಿದರೆ, ಸುಳ್ಳು ಹೇಳಿ ಮಾರಿದರೆ, ಅವನಷ್ಟೇ ಹೊಣೆ ಕಾರ್ಡ್ ಕೊಟ್ಟ ಬ್ಯಾಂಕಿಗೂ ಇದೆ. ಆಗ ವಸ್ತುವಿನ ಬೆಲೆಗೆ ಇದ್ದ ಮಿತಿ 30 ಪೌಂಡಿನಿಂದ 10,000 ಪೌಂಡ್. ಈಗ ಬೆಲೆ 100 ಪೌಂಡಿಗಿಂತ ಹೆಚ್ಚಿರಬೇಕು, 30,000 ಮೀರಬಾರದು.

ಅಮೆರಿಕದಲ್ಲಿರೋ ಕೇಳುಗರೇ, ನಿಮ್ಮಲ್ಲೂ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆಕ್ಟ್ ಆಗಿದ್ದು ಅದೇ 1974ರಲ್ಲೇ. ಆದರೆ ಮಾಲು ಸರಿಯಿಲ್ಲ ಅನ್ನೋ ತಕರಾರಿಗೆ ಅಲ್ಲಿ ದೂರದ ಲೆಕ್ಕವೂ ಇದೆ: ಸಾಮಾನ್ಯವಾಗಿ ಖರೀದಿ 50 ಡಾಲರ್ ಮೀರಿರಬೇಕು, ನಿಮ್ಮ ರಾಜ್ಯದಲ್ಲೇ ಅಥವಾ ಮನೆಯಿಂದ 100 ಮೈಲಿಯೊಳಗೆ ನಡೆದಿರಬೇಕು.

ಬ್ರಿಟನ್ನಿನಲ್ಲೂ ದೂರದ ಪ್ರಶ್ನೆ ಎದ್ದಿತು. ವಿದೇಶದಲ್ಲಿ ಮಾಡಿದ ಖರೀದಿಗೆ ನಾವು ಹೊಣೆಯಲ್ಲ ಅಂತ ಬ್ಯಾಂಕುಗಳು ಕೋರ್ಟಿನಲ್ಲಿ ವಾದಿಸಿದವು. 2004ರಲ್ಲಿ ಹೈಕೋರ್ಟ್ ಅವುಗಳ ಪರ ನಿಂತಿತು. 2006ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿತು. 2007ರ ಅಕ್ಟೋಬರ್ 31ರಂದು ಹೌಸ್ ಆಫ್ ಲಾರ್ಡ್ಸ್ ಕೊನೆಯ ಮಾತು ಹೇಳಿತು: ಹೌದು, ವಿದೇಶದ ಖರೀದಿಗೂ ಹೊಣೆ ಇದೆ. ಅಂದರೆ ರಜಕ್ಕೆ ಬೆಂಗಳೂರಿಗೆ ಹೋಗಿ ಇಲ್ಲಿನ ಕಾರ್ಡ್ ಕೊಟ್ಟು ಒಡವೆ ಕೊಂಡರೂ ಈ ಸೆಕ್ಷನ್ ನಿಮ್ಮ ಜೊತೆಗೇ ಬರುತ್ತೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಪೂರ್ತಿ ಹಣ ಕಾರ್ಡಿನಲ್ಲೇ ಕೊಡಬೇಕು ಅಂತಿಲ್ಲ. 2,000 ಪೌಂಡಿನ ಸೋಫಾಗೆ 50 ಪೌಂಡ್ ಮುಂಗಡ ಮಾತ್ರ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೂ ಬ್ಯಾಂಕಿನ ಹೊಣೆ 50ಕ್ಕೆ ನಿಲ್ಲಲ್ಲ, ಇಡೀ ಸೋಫಾಗೆ. ಅವತ್ತು ಮೇಜಿಗೆ ನಾನು ಅಷ್ಟಾದರೂ ಮಾಡಿದ್ದರೆ ಸಾಕಿತ್ತು.

ಎಚ್ಚರ ಇರಬೇಕಾದ ಜಾಗಗಳೂ ಇವೆ. ನಿಮ್ಮ ಮತ್ತು ಮಾರುವವನ ನಡುವೆ ಮೂರನೆಯವನು ಬಂದರೆ ಕೊಂಡಿ ಕಳಚಬಹುದು. ಊರಿನ ಟಿಕೆಟ್ಟನ್ನು ಏಜೆಂಟರ ಮೂಲಕ ತಗೊಳ್ಳೋರು ಇದನ್ನು ನೆನಪಿಡಿ. 60 ಪೌಂಡಿನ ಎರಡು ಕುರ್ಚಿ ಸೇರಿ 120 ಆದರೂ ಸಾಮಾನ್ಯವಾಗಿ ಲೆಕ್ಕಕ್ಕೆ ಬರಲ್ಲ, ಒಂದೊಂದರ ಬೆಲೆಯೇ ಗೆರೆ ದಾಟಬೇಕು. ಡೆಬಿಟ್ ಕಾರ್ಡಿಗೆ ಚಾರ್ಜ್‌ಬ್ಯಾಕ್ ಇದೆ, ನಿಜ. ಆದರೆ ಅದು ಕಾರ್ಡ್ ಕಂಪನಿಗಳ ನಿಯಮ, ಕಾನೂನು ಕೊಟ್ಟ ಹಕ್ಕಲ್ಲ. ಬ್ಯಾಂಕ್ ನಿಮ್ಮ ದೂರನ್ನು ತಳ್ಳಿಹಾಕಿದರೆ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಹಾಗಂತ ಸಾಲ ಮಾಡಿ ತುಪ್ಪ ತಿನ್ನಿ ಅಂತ ನಾನು ಹೇಳ್ತಿಲ್ಲ. ಮೇಜಿನ ದುಡ್ಡು ಕೈಯಲ್ಲಿರಲಿ, ಬಿಲ್ ಬಂದ ತಿಂಗಳೇ ಪೂರ್ತಿ ಕಟ್ಟಿಬಿಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಆದರೆ ಆ ಹಾಸಿಗೆಯನ್ನು ಕೊಳ್ಳುವಾಗ ಮುಂಗಡವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ.