ಆತಿಥೇಯ ನೆಲದ ಸಂಸ್ಕೃತಿ ಮತ್ತು ಸಾಹಿತ್ಯ ಸಮ್ಮೇಳನ: ಮಂಡ್ಯವನ್ನು ಅನುಲಕ್ಷಿಸಿ

ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡಿತು. ಮೊದಲೆರಡು ಸಮ್ಮೇಳನಗಳೂ ಅಲ್ಲಿಯೇ ಜರುಗಿದವು. 1917ರಲ್ಲಿ ಮೈಸೂರಿಗೆ, 1918ರಲ್ಲಿ ಮುಂಬಯಿ ಪ್ರಾಂತ್ಯದ ಧಾರವಾಡಕ್ಕೆ, 1920ರಲ್ಲಿ ಮದರಾಸು ಪ್ರಾಂತ್ಯದ ಹೊಸಪೇಟೆಗೆ ಸಮ್ಮೇಳನವು ಸಾಗಿತು. ಬೇರೆ ಬೇರೆ ಆಡಳಿತಗಳಲ್ಲಿ ಹರಿದುಹಂಚಿದ್ದ ಕನ್ನಡಿಗರಿಗೆ ಈ ಸಂಚಾರವೇ ಏಕೀಕರಣದ ಒಂದು ಪಾಠವಾಗಿತ್ತು. 1956ರಲ್ಲಿ ರಾಜ್ಯವು ಒಂದಾದ ತರುವಾಯ ಆ ಉದ್ದೇಶ ಈಡೇರಿತು. ಆದರೂ ಸಮ್ಮೇಳನವು ಊರಿಂದೂರಿಗೆ ಹೋಗುವುದು ನಿಲ್ಲಲಿಲ್ಲ. ಹಾಗಾದರೆ ಹೋದ ಊರಿನಿಂದ ಅದು ಪಡೆಯುವುದೇನು ಎಂಬುದು ಇಲ್ಲಿನ ಪ್ರಶ್ನೆ.

ಆತಿಥೇಯ ನೆಲದ ಸಂಸ್ಕೃತಿಯು ಸಮ್ಮೇಳನದಲ್ಲಿ ಮುಖ್ಯವಾಗಿ ಮೂರು ನೆಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ: ಹೆಸರು, ಮೆರವಣಿಗೆ ಮತ್ತು ಊಟ.

ಮೊದಲನೆಯದು ಹೆಸರು. ಮಹಾದ್ವಾರಗಳಿಗೂ ವೇದಿಕೆಗಳಿಗೂ ಸ್ಥಳೀಯ ಮಹನೀಯರ ಹೆಸರಿಡುವುದು ರೂಢಿ. 2023ರ ಹಾವೇರಿ ಸಮ್ಮೇಳನದ ಪ್ರಧಾನ ವೇದಿಕೆಯು ಕನಕ, ಶರೀಫ, ಸರ್ವಜ್ಞರ ಹೆಸರನ್ನು ಹೊತ್ತಿತ್ತು. ಮೂವರೂ ಆ ಜಿಲ್ಲೆಯ ನೆಲದವರೆಂದು ಜನ ಭಾವಿಸುವವರು. ಇಂತಹ ನಾಮಕರಣವು ಊರಿನ ನೆನಪನ್ನು ನಾಡಿನ ನೆನಪಿನೊಂದಿಗೆ ಬೆಸೆಯುತ್ತದೆ.

ಎರಡನೆಯದು ಮೆರವಣಿಗೆ. ಮಂಡ್ಯ ಸೀಮೆಯ ಪೂಜಾ ಕುಣಿತವನ್ನು ನಿದರ್ಶನವಾಗಿ ನೋಡಬಹುದು. ಬಿದಿರಿನ ಚೌಕಟ್ಟಿಗೆ ಸೀರೆ ಸುತ್ತಿ, ದೇವಿಯ ಮುಖವಾಡ ಕಟ್ಟಿ, ಅದನ್ನು ತಲೆಯ ಮೇಲೆ ಹೊತ್ತು ತಮಟೆಯ ಗತಿಗೆ ಕುಣಿಯುವ ಕಲೆಯಿದು. ಹಳ್ಳಿಯಲ್ಲಿ ಇದು ಶಕ್ತಿದೇವತೆಯ ಹಬ್ಬದ ಅಂಗ. ಹೊರುವವನಿಗೆ ಹರಕೆಯೂ ನೇಮವೂ ಉಂಟು. ಮೆರವಣಿಗೆಯಲ್ಲಿ ಅದೇ ಕುಣಿತವು ಅಧ್ಯಕ್ಷರ ರಥದ ಮುಂದಿನ ಶೋಭೆಯಾಗುತ್ತದೆ. ಕಲಾವಿದನಿಗೆ ಬೀದಿ ದೊರೆಯುತ್ತದೆ, ಮಾತನಾಡುವ ವೇದಿಕೆ ದೊರೆಯುವುದು ವಿರಳ. ಅವನ ಕಲೆಯ ಕುರಿತು ಗೋಷ್ಠಿಯಲ್ಲಿ ಬಹುಮಟ್ಟಿಗೆ ಇತರರು ಪ್ರಬಂಧ ಮಂಡಿಸುತ್ತಾರೆ.

ಮೂರನೆಯದು ಊಟ. ಮಂಡ್ಯದಲ್ಲಿ ಮೂರು ಸಮ್ಮೇಳನಗಳು ನಡೆದಿವೆ. 1974ರಲ್ಲಿ ಅಧ್ಯಕ್ಷತೆ ವಹಿಸಿದ ಜಯದೇವಿತಾಯಿ ಲಿಗಾಡೆಯವರು ಆ ಪೀಠವೇರಿದ ಮೊದಲ ಮಹಿಳೆ. 1994ರಲ್ಲಿ ಚದುರಂಗರು ಅಧ್ಯಕ್ಷರಾಗಿದ್ದರು. ಆಗ ಪರಿಷತ್ತಿನ ಅಧ್ಯಕ್ಷರಾಗಿದ್ದ ಜಾನಪದ ವಿದ್ವಾಂಸ ಗೊ.ರು. ಚನ್ನಬಸಪ್ಪನವರು 2024ರ ಡಿಸೆಂಬರ್ 20ರಿಂದ 22ರವರೆಗೆ ಅದೇ ನಗರದಲ್ಲಿ ನಡೆದ 87ನೆಯ ಸಮ್ಮೇಳನದ ಅಧ್ಯಕ್ಷರಾದರು. ಈ ಮೂರನೆಯ ಸಮ್ಮೇಳನಕ್ಕೆ ಮುನ್ನ, ಮಳಿಗೆಗಳ ನಿಯಮಾವಳಿಯಲ್ಲಿ ಮದ್ಯ, ತಂಬಾಕುಗಳ ಸಾಲಿನಲ್ಲಿಯೇ ಮಾಂಸಾಹಾರವನ್ನೂ ನಿಷೇಧಿಸಲಾಗಿತ್ತು. ಇದನ್ನು ಪ್ರತಿಭಟಿಸಿದವರು ಬಾಡೂಟಕ್ಕೂ ಸ್ಥಾನ ಬೇಕೆಂದು ಆಗ್ರಹಿಸಿದರು.

ಈ ವಿವಾದವನ್ನು ನಾಲಿಗೆಯ ಚಪಲವೆಂದು ತಳ್ಳಿಹಾಕುವಂತಿಲ್ಲ. ಮುದ್ದೆ, ಬಸ್ಸಾರು, ಸೊಪ್ಪಿನ ಸಾರುಗಳಂತೆಯೇ ಬಾಡೂಟವೂ ಆ ಸೀಮೆಯ ಒಕ್ಕಲು ಬದುಕಿನ ಭಾಗ. ಮಾರಿಹಬ್ಬದಲ್ಲಿ, ಬೀಗರೂಟದಲ್ಲಿ ಅದು ನಂಟನ್ನೂ ಮರ್ಯಾದೆಯನ್ನೂ ಸಾರುತ್ತದೆ. ಸಹಸ್ರಾರು ಜನರಿಗೆ ಏಕಕಾಲದಲ್ಲಿ ಬಡಿಸಬೇಕಾದಾಗ ಖರ್ಚು, ಶುಚಿತ್ವ ಮತ್ತು ವಿಭಿನ್ನ ಆಚರಣೆಯವರ ಸಂಕೋಚಗಳನ್ನು ಗಮನಿಸಬೇಕೆಂಬ ಸಂಘಟಕರ ಕಷ್ಟವೂ ನಿಜವೇ. ಆದರೆ ಬಡಿಸಲಾಗದಿರುವುದು ಬೇರೆ, ಮದ್ಯದ ಸಾಲಿನಲ್ಲಿ ನಿಲ್ಲಿಸುವುದು ಬೇರೆ. ಮೊದಲನೆಯದು ವ್ಯವಸ್ಥೆಯ ಮಿತಿ, ಎರಡನೆಯದು ಮೌಲ್ಯನಿರ್ಣಯ. ದೇವಿಯ ಕುಣಿತವನ್ನು ಮೆರವಣಿಗೆಗೆ ಕರೆದು, ಆ ದೇವಿಯ ಹಬ್ಬದೂಟವನ್ನು ನಿಷಿದ್ಧವೆಂದರೆ ಸಂಸ್ಕೃತಿಯನ್ನು ಆಯ್ದು ಬಳಸಿದಂತಾಗುತ್ತದೆ.

ನಾಗಮಂಗಲ ತಾಲೂಕಿನ ಹೆರಗನಹಳ್ಳಿಯಲ್ಲಿ ಜನಿಸಿದ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ನೇಗಿಲು, ಒನಕೆ, ಮಡಕೆಗಳು ಅಲ್ಲಿ ಅಲಂಕಾರಕ್ಕಾಗಿ ಬಂದವಲ್ಲ. ಅವನ್ನು ಬಳಸಿದ ಜನರ ಬದುಕಿಗೆ ಸಾಕ್ಷಿಯಾಗಿ ಬಂದವು. ಸಮ್ಮೇಳನಗಳೂ ಈ ದೃಷ್ಟಿಯನ್ನು ಅಳವಡಿಸಿಕೊಳ್ಳಬಹುದಾಗಿದೆ. ಸಿದ್ಧತೆಯ ಮೊದಲ ಸಭೆಯಲ್ಲಿಯೇ ಊರಿನ ಕಲಾವಿದರು, ಅಡುಗೆಯವರು, ಒಕ್ಕಲುಮಕ್ಕಳು ಕುಳಿತರೆ ದ್ವಾರದ ಮೇಲಿನ ಹೆಸರಿಗೂ ಪಂಕ್ತಿಯಲ್ಲಿನ ಎಲೆಗೂ ಸಂಬಂಧ ಏರ್ಪಡುತ್ತದೆ. ಆಗ ಆತಿಥೇಯ ಊರು ಸಮ್ಮೇಳನಕ್ಕೆ ಕೇವಲ ಜಾಗ ಕೊಟ್ಟದ್ದಾಗದೆ, ತನ್ನ ಮಾತನ್ನೂ ಆಡಿದಂತಾಗುತ್ತದೆ.